ಠಗ್ಗನ ಕಥೆ ಬರೆದ ಸುರಪುರದ ಸಾಹೇಬ

ದಢೇಸುಗೂರು (ಸಿಂಧನೂರು ತಾಲ್ಲೂಕು): ಕಾಲುವೆ ನೀರಿನ ಸುದ್ದಿಗೆಂದು ತುಂಗಭದ್ರೆಯ ದಂಡೆಯ ಈ ಊರಿಗೆ ಬಂದಿದ್ದ ವರದಿಗಾರನಿಗೆ ಒಂದು ರಾತ್ರಿ ಇಲ್ಲಿಯೇ ಉಳಿಯಬೇಕಾಯಿತು. ಕೃಷಿ ಸಂಶೋಧನಾ ಕೇಂದ್ರದಿಂದಾಗಿ ರೈತರಿಗೆ ಪರಿಚಿತವಾದ ಊರಿದು. ಸುತ್ತಲೂ ಭತ್ತದ ಗದ್ದೆಗಳು. ಸಂಜೆಯಾಗುತ್ತಿದ್ದಂತೆ ಕಪ್ಪೆಗಳ ಸದ್ದಿನ ಹೊರತು ಬೇರೇನೂ ಕೇಳದು. ವಿದ್ಯುತ್ ಕೈಕೊಟ್ಟ ಆ ರಾತ್ರಿ ಟಾರ್ಚಿನ ಬೆಳಕಿನಲ್ಲಿ ಓದಲು ಕೈಗೆತ್ತಿಕೊಂಡದ್ದು 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಇಂಗ್ಲಿಷ್ ಕಾದಂಬರಿ. ಹೆಸರು 'ಕನ್‌ಫೆಷನ್ಸ್ ಆಫ್ ಎ ಥಗ್', ಅಂದರೆ ಒಬ್ಬ ಠಗ್ಗನ ತಪ್ಪೊಪ್ಪಿಗೆ. ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ಕೋಣೆಯ ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಬಾರಿ ಎದ್ದು ನೋಡಿದ್ದನ್ನು ಮರೆಮಾಚಬೇಕಿಲ್ಲ.

ಭಯದ ಕಾದಂಬರಿ ಎಂದರೆ ಓದುಗರಿಗೆ ಮೊದಲು ನೆನಪಾಗುವುದು ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್'. 1818ರಲ್ಲಿ ಹೊರಬಂದ ಆ ಕೃತಿಯನ್ನು ವೈಜ್ಞಾನಿಕ ಕಾದಂಬರಿಯ ಮೂಲಪುರುಷನೆಂದು ಹಲವು ವಿಮರ್ಶಕರು ಕರೆಯುತ್ತಾರೆ. ಪ್ರಯೋಗಶಾಲೆಯಲ್ಲಿ ಹುಟ್ಟಿದ ವಿಕಾರಜೀವಿಯೊಂದು ತಾನು ಕೊಲೆಗಾರನಾದ ಕಥೆಯನ್ನು ಅಲ್ಲಿ ತಾನೇ ಹೇಳಿಕೊಳ್ಳುತ್ತದೆ. 21 ವರ್ಷಗಳ ನಂತರ ಬಂದ ಠಗ್ಗನ ಕಥೆಯಲ್ಲಿಯೂ ಕೊಲೆಗಾರನೇ ಕಥೆಗಾರ. ವ್ಯತ್ಯಾಸವಿಷ್ಟೇ, ಇಲ್ಲಿ ವಿಕಾರಜೀವಿಯಿಲ್ಲ. ಸಭ್ಯನಂತೆ ಕಾಣುವ, ನಯವಾಗಿ ಮಾತನಾಡುವ, ದಾರಿಹೋಕನಿಗೆ ಜೊತೆಯಾಗಿ ಬರುವೆನೆನ್ನುವ ಒಬ್ಬ ಸಹಪ್ರಯಾಣಿಕನಿದ್ದಾನೆ.

ಈ ಪುಸ್ತಕ ಬರೆದ ವ್ಯಕ್ತಿ ದಢೇಸುಗೂರಿಗೆ ದೂರದವರೇನಲ್ಲ. ಇಲ್ಲಿಂದ ಉತ್ತರಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರು ದಾಟಿ ಕೃಷ್ಣಾ ನದಿಯ ಆಚೆ ದಡ ಸೇರಿದರೆ ಸುರಪುರ ಸಿಗುತ್ತದೆ. ಇಂದಿನ ಯಾದಗಿರಿ ಜಿಲ್ಲೆಯ ಆ ಊರಿನ ಗುಡ್ಡದ ಮೇಲೆ 'ಟೇಲರ್ ಮಂಜಿಲ್' ಎಂಬ ಬಂಗಲೆಯಿದೆ. ಅದನ್ನು ಕಟ್ಟಿಸಿ, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಅವರೇ ಆ ಲೇಖಕರು.

ಹದಿನೈದರ ಹುಡುಗ, ದಿವಾಳಿ ಅಂಗಡಿ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ. ತಂದೆ ವ್ಯಾಪಾರಿ. ವ್ಯಾಪಾರ ಕೈಹಿಡಿಯದೆ ಮನೆತನ ಕಷ್ಟಕ್ಕೆ ಬಿದ್ದಾಗ ಹುಡುಗನ ಓದು ಅಲ್ಲಿಗೆ ನಿಂತಿತು. ಮುಂಬೈಯ ಬ್ಯಾಕ್ಸ್‌ಟರ್ ಎಂಬ ವರ್ತಕನ ಬಳಿ ಗುಮಾಸ್ತನಾಗಿ ಸೇರುವುದು, 21 ತುಂಬಿದ ಮೇಲೆ ಪಾಲುದಾರನಾಗುವುದು ಎಂಬ ಕರಾರಿನ ಮೇಲೆ ಹದಿನೈದರ ಬಾಲಕನನ್ನು ಹಡಗು ಹತ್ತಿಸಲಾಯಿತು. 1824ರಲ್ಲಿ ಮುಂಬೈ ತಲುಪಿದಾಗ ತಿಳಿದುಬಂದದ್ದು, ಪಾಲು ಕೊಡುವುದಿರಲಿ, ಆ ವರ್ತಕನ ಕೈಯಲ್ಲೇ ಕಾಸಿಲ್ಲವೆಂಬ ಸಂಗತಿ.

ಮುಂಬೈ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರ ಶಿಫಾರಸಿನಿಂದ ಅದೇ ವರ್ಷ ಹೈದರಾಬಾದ್ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. ಟೇಲರ್ ಬದುಕನ್ನು ಅರ್ಥ ಮಾಡಿಕೊಳ್ಳಲು ಈ ಒಂದು ವಿವರ ಮುಖ್ಯ. ಅವರು ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿರಲಿಲ್ಲ, ನಿಜಾಮರ ಸಂಬಳದ ಮೇಲಿದ್ದರು. ಕಂಪನಿಯ ಅಧಿಕಾರಿಗಳ ಪಂಕ್ತಿಯಲ್ಲಿ ಇಂಥವರಿಗೆ ಕೊನೆಯ ಎಲೆ. ಆ ಕೊರತೆಯನ್ನು ತುಂಬಿಕೊಳ್ಳಲೆಂಬಂತೆ ಅವರು ಕಲಿಯುತ್ತಲೇ ಹೋದರು. ಹಿಂದೂಸ್ತಾನಿ, ಮರಾಠಿ, ಪರ್ಷಿಯನ್ ಭಾಷೆಗಳು, ಭೂಮಾಪನ, ಕಟ್ಟಡ ವಿದ್ಯೆ, ಕಾನೂನು, ಭೂವಿಜ್ಞಾನ, ಸಸ್ಯಶಾಸ್ತ್ರ, ಚಿತ್ರಕಲೆ ಯಾವುದನ್ನೂ ಕಾಲೇಜಿನಲ್ಲಿ ಓದಿದವರಲ್ಲ. ಮದುವೆಯಾದದ್ದು ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು. ಪಾಮರ್ ಅವರ ತಂದೆ ಇಂಗ್ಲಿಷ್ ಸೇನಾಧಿಕಾರಿ, ತಾಯಿ ಮುಸ್ಲಿಂ ಮನೆತನದ ಫೈಜ್ ಬಕ್ಷ್ ಬೇಗಂ. ಹೀಗಾಗಿ ಟೇಲರ್ ಅವರ ಸಂಸಾರವೇ ಎರಡು ದೇಶಗಳ ಗಡಿಯ ಮೇಲೆ ನಿಂತಿತ್ತು.

ಹೂತ ಹೆಣಗಳ ಜಾಡು

ಇನ್ನೂ ಮೀಸೆ ಬಲಿಯದ ವಯಸ್ಸಿನಲ್ಲಿ ಅವರನ್ನು ಹೈದರಾಬಾದ್ ಸಂಸ್ಥಾನದ ನೈರುತ್ಯ ಭಾಗದ ಪೊಲೀಸ್ ಕೆಲಸಕ್ಕೆ ನೇಮಿಸಲಾಯಿತು. ಆ ಸೀಮೆಯ ದಾರಿಗಳಲ್ಲಿ ಪ್ರಯಾಣಿಕರು ಕಾಣೆಯಾಗುತ್ತಿದ್ದರು. ಕೆಲವೆಡೆ ಹೂತಿಟ್ಟ ಶವಗಳು ಸಿಕ್ಕವು. ಸಂಘಟಿತವಾದ ಯಾವುದೋ ಕೂಟ ಇದರ ಹಿಂದಿದೆಯೆಂಬ ಸಂಶಯ ಟೇಲರ್ ಅವರಲ್ಲಿ ಬಲವಾಗುತ್ತಿದ್ದಾಗಲೇ ರೆಜಿಮೆಂಟಿಗೆ ಮರಳುವಂತೆ ಆದೇಶ ಬಂತು. ತನಿಖೆ ಅರ್ಧಕ್ಕೇ ನಿಂತಿತು. ಉತ್ತರ ಭಾರತದಲ್ಲಿ ವಿಲಿಯಂ ಸ್ಲೀಮನ್ ಎಂಬ ಅಧಿಕಾರಿ ಠಗ್ಗರ ಜಾಲವನ್ನು ಬಯಲಿಗೆಳೆದು ಹೆಸರು ಮಾಡಿದಾಗ, ಸ್ವಲ್ಪ ಕಾಲಾವಕಾಶ ಸಿಕ್ಕಿದ್ದರೆ ಆ ಕೀರ್ತಿ ತಮ್ಮದಾಗುತ್ತಿತ್ತು ಎಂಬ ಕೊರಗು ಟೇಲರ್ ಅವರಿಗೆ ಉಳಿದುಬಿಟ್ಟಿತು. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿಯೂ ಅದು ಇಣುಕುತ್ತದೆ.

ಬಳಿಕ 1830ರ ದಶಕದಲ್ಲಿ ಹೈದರಾಬಾದಿನಲ್ಲಿ ಸೆರೆಸಿಕ್ಕ ಠಗ್ಗರ ವಿಚಾರಣೆಯ ಹೊಣೆ ಅವರ ಪಾಲಿಗೂ ಬಂತು. ಮಾಫಿ ಸಾಕ್ಷಿಗಳಾದವರು ದಿನವಿಡೀ ಹೇಳುತ್ತಿದ್ದ ಕೊಲೆಗಳ ವಿವರವನ್ನು ಅವರು ದಾಖಲಿಸಿಕೊಂಡರು. ಸಾಕ್ಷಿಗಳು ತೋರಿಸಿದ ಜಾಗ ಅಗೆದಾಗ ಅಸ್ಥಿಗಳು ಹೊರಬಂದವು.

ಇದನ್ನೆಲ್ಲ ಸೇರಿಸಿ ಬರೆದ ಒಂದು ಲೇಖನವನ್ನು ಟೇಲರ್ ಲಂಡನ್ನಿಗೆ ಕಳುಹಿಸಿದರು. ಅದು ತಲುಪಿದ್ದು ಎಡ್ವರ್ಡ್ ಬುಲ್ವರ್ ಲಿಟ್ಟನ್ ಎಂಬ ಪ್ರಸಿದ್ಧ ಕಾದಂಬರಿಕಾರರ ಕೈಗೆ. ಈ ಲಿಟ್ಟನ್ ಮುಂದೆ ಭೂತಬಂಗಲೆಯ ಕಥೆ ಬರೆದರು. 1871ರಲ್ಲಿ, ನೆಲದಡಿಯಲ್ಲಿ ವಾಸಿಸುವ ಅದ್ಭುತ ಶಕ್ತಿಯ ಜನಾಂಗವೊಂದನ್ನು ಕಲ್ಪಿಸಿ 'ದಿ ಕಮಿಂಗ್ ರೇಸ್' ಎಂಬ ವೈಜ್ಞಾನಿಕ ಕಾದಂಬರಿಯನ್ನೂ ಬರೆದರು. ಭಯವನ್ನೂ ವಿಸ್ಮಯವನ್ನೂ ಮಾರಬಲ್ಲ ಆ ಕಣ್ಣಿಗೆ ಟೇಲರ್ ಕಳುಹಿಸಿದ ಸರಕಿನ ಬೆಲೆ ಕೂಡಲೇ ಗೊತ್ತಾಯಿತು. ಇಷ್ಟು ಸಾಮಗ್ರಿಯಿದ್ದರೆ ಕಾದಂಬರಿಯನ್ನೇ ಬರೆಯಬಹುದೆಂಬ ಸಲಹೆ ಆ ಕಡೆಯಿಂದ ಬಂತು. ಟೇಲರ್ ಬರೆಯಲು ಕೂತರು. ರಜೆಯ ಮೇಲೆ ಇಂಗ್ಲೆಂಡಿಗೆ ತೆರಳಿದಾಗ ಹಸ್ತಪ್ರತಿ ಜೊತೆಯಲ್ಲಿತ್ತು. ರಿಚರ್ಡ್ ಬೆಂಟ್ಲಿ ಪ್ರಕಾಶನ ಸಂಸ್ಥೆ 1839ರಲ್ಲಿ ಅದನ್ನು ಮೂರು ಸಂಪುಟಗಳಲ್ಲಿ ಹೊರತಂದಿತು.

ಓದುಗನನ್ನು ಬಲೆಗೆ ಬೀಳಿಸುವ ಅಮೀರ್ ಅಲಿ

ಕಾದಂಬರಿಯ ನಾಯಕ ಅಮೀರ್ ಅಲಿ ಜೈಲಿನಲ್ಲಿ ಕುಳಿತು ಬಿಳಿಯ ಸಾಹೇಬನೊಬ್ಬನಿಗೆ ತನ್ನ ಕಥೆ ಹೇಳುತ್ತಾನೆ. ಬಾಲ್ಯದಲ್ಲಿ ಅಪ್ಪ ಅಮ್ಮನೊಂದಿಗೆ ಪ್ರಯಾಣ ಹೊರಟಿದ್ದಾಗ ಠಗ್ಗರ ತಂಡ ಜೊತೆಯಾಗುತ್ತದೆ. ಹೆತ್ತವರು ಹತರಾಗುತ್ತಾರೆ. ಹುಡುಗನ ಮುಖ ನೋಡಿ ಮನಕರಗಿದ ಠಗ್ಗರ ಮುಖಂಡ ಇಸ್ಮಾಯಿಲ್ ಅವನನ್ನು ಕೊಲ್ಲದೆ ಮಗನಂತೆ ಸಾಕುತ್ತಾನೆ. ತಂದೆಯನ್ನು ಕೊಂದವನನ್ನೇ ತಂದೆಯೆಂದು ನಂಬಿ ಬೆಳೆದ ಅಮೀರ್ ಅಲಿ ಕೊರಳಿಗೆ ರುಮಾಲು ಬಿಗಿಯುವ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸುತ್ತಾನೆ. ತಾನು ಪಾಲ್ಗೊಂಡ ಕೊಲೆಗಳ ಸಂಖ್ಯೆ 719 ಎಂದು ಲೆಕ್ಕ ಕೊಡುತ್ತಾನೆ. ನಡುವೆ ಸೆರೆವಾಸ ಬಾರದಿದ್ದರೆ ಸಾವಿರ ತುಂಬುತ್ತಿತ್ತೆಂಬ ಬೇಸರ ಅವನಿಗಿದೆ. ಅಪರಾಧದ ಬಗ್ಗೆ ಬೇಸರವಿಲ್ಲ.

ಕಾದಂಬರಿಯ ಭಯ ರಕ್ತದಲ್ಲಿಲ್ಲ. ರುಮಾಲಿನ ಕೊಲೆಯಲ್ಲಿ ರಕ್ತ ಸುರಿಯುವುದೇ ಇಲ್ಲ. ಭಯವಿರುವುದು ಕೆಲಸದ ಅಚ್ಚುಕಟ್ಟಿನಲ್ಲಿ. ಮಾತಿನಿಂದ ಪ್ರಯಾಣಿಕರನ್ನು ಒಲಿಸಿಕೊಂಡು ಬರುವವನೊಬ್ಬ, ಕೊರಳು ಬಿಗಿಯುವವನೊಬ್ಬ, ಮುಂಚಿತವಾಗಿಯೇ ಹೋಗಿ ಗುಂಡಿ ತೋಡಿಡುವವನು ಮತ್ತೊಬ್ಬ. ಪ್ರತಿಯೊಬ್ಬನಿಗೂ ಅವರ ಗುಪ್ತಭಾಷೆಯಲ್ಲಿ ಹುದ್ದೆಯ ಹೆಸರಿದೆ. ತಂಬಾಕು ತರಲು ಹೇಳುವುದೇ ಕೊಲ್ಲುವ ಸೂಚನೆ. ಅಷ್ಟು ಹೊತ್ತಿಗೆ ಬಲಿಯಾಗುವ ಕುಟುಂಬದವರು ತಮ್ಮ ಕಷ್ಟಸುಖವನ್ನೆಲ್ಲ ಇವರೊಡನೆ ಹಂಚಿಕೊಂಡಿರುತ್ತಾರೆ, ಹಾಡು ಕೇಳುತ್ತ ನಗುತ್ತಿರುತ್ತಾರೆ. ಓದುಗನಿಗೆ ಮಾತ್ರ ಗೊತ್ತು, ಗುಂಡಿ ಸಿದ್ಧವಾಗಿದೆ ಎಂದು. ಕಥೆಯ ಕೊನೆಯ ಭಾಗದಲ್ಲಿ ಅಮೀರ್ ಅಲಿಗೆ ತಾನು ಕೊಂದವರಲ್ಲಿ ತನ್ನ ಒಡಹುಟ್ಟಿದ ತಂಗಿಯೂ ಒಬ್ಬಳೆಂದು ತಿಳಿಯುತ್ತದೆ. ಚಿಕ್ಕಂದಿನಲ್ಲಿ ಅವಳ ಕೊರಳಲ್ಲಿದ್ದ ನಾಣ್ಯ ಆ ಗುಟ್ಟು ಹೇಳುತ್ತದೆ.

ಆದರೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಬೇರೊಂದು ಸಂಗತಿ. ನೂರಾರು ಪುಟ ಅಮೀರ್ ಅಲಿಯ ಮಾತು ಕೇಳಿದ ಮೇಲೆ ಅವನು ಓದುಗನಿಗೆ ಇಷ್ಟವಾಗತೊಡಗುತ್ತಾನೆ. ಅವನ ಪ್ರೇಮ ಕೈಗೂಡಲಿ, ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲಿ ಎನಿಸುತ್ತದೆ. ದಾರಿಹೋಕರು ಅವನನ್ನು ಹೇಗೆ ನಂಬಿದರೆಂದು ಆಗ ಅರ್ಥವಾಗುತ್ತದೆ. ಭಯ ಹುಟ್ಟಿಸುವ ಕಾದಂಬರಿಗಳಲ್ಲಿ ಇಷ್ಟು ದೂರ ಹೋದವು ಹೆಚ್ಚಿಲ್ಲವೆಂಬುದು ಈ ವರದಿಗಾರನ ಅನಿಸಿಕೆ.

ಪುಸ್ತಕ ಕೈಯಿಂದ ಕೈಗೆ ಹೋಯಿತು. ಆಗ 20ರ ಪ್ರಾಯದಲ್ಲಿದ್ದ ವಿಕ್ಟೋರಿಯಾ ರಾಣಿ ಪುಸ್ತಕ ಅಚ್ಚಾಗಿ ಹೊರಬರುವವರೆಗೂ ಕಾಯಲೊಪ್ಪದೆ, ತಿದ್ದಿದ ಕರಡು ಹಾಳೆಗಳನ್ನು ಆಗಿಂದಾಗ ಅರಮನೆಗೆ ಕಳುಹಿಸುವಂತೆ ಪ್ರಕಾಶಕರಿಗೆ ಸೂಚಿಸಿದ್ದರೆಂದು ಟೇಲರ್ ದಾಖಲಿಸಿದ್ದಾರೆ. ಶಾಲೆಯ ಓದೂ ಮುಗಿಸದೆ ಹಡಗು ಹತ್ತಿದ್ದ ಹುಡುಗ 31ನೇ ವಯಸ್ಸಿಗೆ ಲಂಡನ್ನಿನ ಮಾತಾಗಿದ್ದರು.

ಬೇಡರ ನಾಡಿಗೆ ಬಂದ ಅಧಿಕಾರಿ

ಹೆಸರು ಬಂದರೂ ಹೊಟ್ಟೆಪಾಡು ಹೈದರಾಬಾದಿನಲ್ಲೇ ಇತ್ತು. ಭಾರತಕ್ಕೆ ಮರಳಿದ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದರು. ಬೇಡ ನಾಯಕರ ಆ ಸಂಸ್ಥಾನದಲ್ಲಿ ಆಗ ರಾಜ ಕೃಷ್ಣಪ್ಪ ನಾಯಕರು ತೀರಿಕೊಂಡು ಗೊಂದಲ ತುಂಬಿತ್ತು. ಮಗ ವೆಂಕಟಪ್ಪ ನಾಯಕ ಸುಮಾರು ಏಳು ವರ್ಷದ ಬಾಲಕ. ರಾಣಿ ಈಶ್ವರಮ್ಮ ಒಂದು ಕಡೆ, ರಾಜನ ಸೋದರ ಪಿಡ್ಡ ನಾಯಕ ಇನ್ನೊಂದು ಕಡೆ. ನಿಜಾಮರಿಗೆ ಸಲ್ಲಬೇಕಾದ ಕಪ್ಪದ ಬಾಕಿ ಬೆಟ್ಟದಷ್ಟು. ಸುರಪುರದ ಬೇಡ ಪಡೆಯೆಂದರೆ ಸುತ್ತಮುತ್ತಲ ಅಧಿಕಾರಿಗಳಿಗೆ ಹೆದರಿಕೆ. ಹೈದರಾಬಾದ್ ಕಂಟಿಂಜೆಂಟಿನ ದಂಡು ಲಿಂಗಸುಗೂರಿನ ಛಾವಣಿಯಲ್ಲಿ ಬೀಡುಬಿಟ್ಟಿದ್ದುದಕ್ಕೆ ಈ ಹೆದರಿಕೆಯೂ ಒಂದು ಕಾರಣವೆಂದರೆ ತಪ್ಪಾಗದು.

ಜನ ಹೆದರುತ್ತಿದ್ದ ಊರಿನಲ್ಲಿ ಟೇಲರ್ 12 ವರ್ಷ ಇದ್ದರು. ಲೆಕ್ಕಪತ್ರ ಸರಿಪಡಿಸಿದರು, ರಸ್ತೆ ಮಾಡಿಸಿದರು, ಕೆರೆಗಳ ಕೆಲಸ ನಡೆಸಿದರು. ಸುರಪುರ ಸಮೀಪದ ಬೋನಾಳ ಕೆರೆ ಅವರಿಗೆ ಬಲು ಪ್ರಿಯವಾದ ಜಾಗ, ಅಲ್ಲಿ ದೋಣಿ ಇಟ್ಟುಕೊಂಡಿದ್ದರು. ಇಂದು ಅದು ಪಕ್ಷಿಧಾಮವಾಗಿದೆ. ಪತ್ನಿ ಮೇರಿ ತೀರಿಕೊಂಡದ್ದು ಈ ಅವಧಿಯಲ್ಲೇ. ಬಾಲಕ ರಾಜ ಅವರನ್ನು ಅಪ್ಪ ಎಂದು ಕರೆಯುತ್ತಿದ್ದನು. ಇದೇ ಕಾಲದಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಅವರು ವರದಿಗಾರರೂ ಆಗಿದ್ದರು. ಹೀಗೆ ನೋಡಿದರೆ ಕಲ್ಯಾಣ ಕರ್ನಾಟಕದ ಮೂಲೆಯಿಂದ ಹೊರದೇಶದ ಪತ್ರಿಕೆಗೆ ಬರೆದ ಮೊದಲಿಗರಲ್ಲಿ ಅವರನ್ನೂ ಸೇರಿಸಬೇಕು. ಅಧಿಕಾರಿಯೇ ವರದಿಗಾರನೂ ಆಗುವುದು ಈಗಿನ ವೃತ್ತಿಧರ್ಮಕ್ಕೆ ಒಪ್ಪುವುದಿಲ್ಲ ಎಂಬುದು ಬೇರೆ ಮಾತು.

ಬಿಡುವಿನಲ್ಲಿ ಅವರು ಕೈಹಾಕಿದ ಕೆಲಸ ಪುರಾತತ್ವ ಶಾಸ್ತ್ರಕ್ಕೆ ದೊಡ್ಡ ಕೊಡುಗೆಯಾಯಿತು. ನಮ್ಮ ಭಾಗದ ಜನ ಮೋರ್ಯರ ಮನೆಗಳೆಂದು ಕರೆಯುವ ಬೃಹತ್ ಶಿಲಾ ಸಮಾಧಿಗಳನ್ನು ಸುರಪುರ ಬಳಿಯ ರಾಜನಕೋಳೂರಿನಲ್ಲಿ ಗುರುತಿಸಿ ಅಳತೆ ಮಾಡಿ, ಚಿತ್ರ ಬಿಡಿಸಿದರು. ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು ದಾಖಲಿಸಿದರು. ಜೇವರ್ಗಿಯಲ್ಲಿ ಕಲ್ಲುಗುಪ್ಪೆಗಳನ್ನು ಅಗೆಸಿ ನೋಡಿದಾಗ, ಕೆಲವು ಅಸ್ಥಿಪಂಜರಗಳ ರುಂಡಗಳು ಮುಂಡದಿಂದ ಬೇರ್ಪಟ್ಟಿದ್ದವು. ಯೌವನದಲ್ಲಿ ಠಗ್ಗರು ತೋರಿಸಿದ ಗುಂಡಿಗಳನ್ನು ಅಗೆಸಿದ್ದ ಮನುಷ್ಯ ನಡುವಯಸ್ಸಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯ ಗೋರಿಗಳ ಮುಂದೆ ಅಳತೆಪಟ್ಟಿ ಹಿಡಿದು ನಿಂತಿದ್ದರು. ಈ ಶೋಧಗಳ ಲೇಖನಗಳು ಮುಂಬೈ ಮತ್ತು ಐರ್ಲೆಂಡಿನ ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದವು. ದಕ್ಷಿಣ ಭಾರತದ ಶಿಲಾ ಸಮಾಧಿಗಳ ಚರ್ಚೆಯಲ್ಲಿ ಇಂದಿಗೂ ಅವರ ಹೆಸರು ಮೊದಲು ಬರುತ್ತದೆ.

ಜಾತಕದ ಮಾತು, 1858ರ ಸಾವು

1853ರಲ್ಲಿ ಎರಡು ಬದಲಾವಣೆಗಳಾದವು. ಸಾಲದ ಬಾಬ್ತಿಗಾಗಿ ನಿಜಾಮರು ಬೇರಾರ್, ನಳದುರ್ಗ ಪ್ರಾಂತ್ಯಗಳ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಕೃಷ್ಣಾ ತುಂಗಭದ್ರೆಗಳ ನಡುವಿನ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯೆಲ್ಲ ಅದರಲ್ಲಿ ಸೇರಿತು. ಅದೇ ವರ್ಷ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದು ಸುರಪುರದ ಅಧಿಕಾರ ವಹಿಸಿಕೊಂಡರು. ಟೇಲರ್ ನಳದುರ್ಗಕ್ಕೆ ಹೋದರು.

1857ರ ಬಂಡಾಯದ ಕಾಲಕ್ಕೆ ಟೇಲರ್ ಬೇರಾರಿನ ಬುಲ್ಡಾಣಾದಲ್ಲಿದ್ದರು. ದೊಡ್ಡ ಸೈನ್ಯದ ಬಲವಿಲ್ಲದೆ ಅಲ್ಲಿ ಶಾಂತಿ ಕಾಪಾಡಿದರು. ಆದರೆ ಅವರು ಬೆಳೆಸಿದ ಹುಡುಗ ಬ್ರಿಟಿಷರ ವಿರುದ್ಧ ನಿಂತಿದ್ದರು. 1858ರ ಫೆಬ್ರುವರಿಯಲ್ಲಿ ಸುರಪುರಕ್ಕೆ ಬಂದಿದ್ದ ಕಂಪನಿ ಕಡೆಯ ಪಡೆಯ ಮೇಲೆ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತರು. ಹೆಚ್ಚಿನ ಸೈನ್ಯ ಸಮೀಪಿಸುತ್ತಿದ್ದಂತೆ ರಾಜ ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋದರು. ಅಲ್ಲಿ ಸೆರೆಯಾದರು. ವಿಚಾರಣೆಯಲ್ಲಿ ಮರಣದಂಡನೆ ವಿಧಿಸಲಾಯಿತು. ಮೇಲಿನ ಅಧಿಕಾರಿಗಳು ಅದನ್ನು ಇಳಿಸುತ್ತ ಬಂದು, ಕೊನೆಗೆ ಗವರ್ನರ್ ಜನರಲ್ ನಾಲ್ಕು ವರ್ಷಗಳ ಸೆರೆವಾಸಕ್ಕೆ ನಿಲ್ಲಿಸಿದರು. ಟೇಲರ್ ಸೆರೆಮನೆಯಲ್ಲಿ ರಾಜನನ್ನು ಕಂಡು ಮಾತನಾಡಿದರು. ಅಪ್ಪ ಎಂದು ಕರೆದವನು ಬೇಡಿಯಲ್ಲಿ, ಅಪ್ಪನೆನಿಸಿಕೊಂಡವನು ಸೆರೆಹಿಡಿದವರ ಸೇವೆಯಲ್ಲಿ.

ಅದೇ ವರ್ಷದ ಮೇ ತಿಂಗಳಲ್ಲಿ, ಸೆರೆವಾಸಕ್ಕೆ ಕರೆದೊಯ್ಯುವಾಗ ಹೈದರಾಬಾದ್ ಬಳಿಯ ಅಂಬರ್‌ಪೇಟೆಯಲ್ಲಿ, ಜೊತೆಗಿದ್ದ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜ ಸತ್ತರು. ಬ್ರಿಟಿಷ್ ದಾಖಲೆಗಳ ಪ್ರಕಾರ ಅದು ಅವರು ತಾವಾಗಿಯೇ ತಂದುಕೊಂಡ ಸಾವು. ಆ ಮಾತನ್ನು ಎಲ್ಲರೂ ಒಪ್ಪುವುದಿಲ್ಲ.

ಟೇಲರ್ ತಮ್ಮ ಆತ್ಮಕಥೆಯಲ್ಲಿ ಇದಕ್ಕೊಂದು ಹಿನ್ನೆಲೆ ಹೇಳಿದ್ದಾರೆ. ಬಹಳ ವರ್ಷಗಳ ಹಿಂದೆ ರಾಣಿ ಈಶ್ವರಮ್ಮ ಅವರನ್ನು ಕರೆಸಿ, ಮಗನಿಗೆ 24ನೇ ವರ್ಷದಲ್ಲಿ ಮರಣವೆಂದು ಜಾತಕ ಹೇಳುತ್ತದೆಂಬ ಗುಟ್ಟನ್ನು ತಿಳಿಸಿದ್ದರು. ಮನೆತನದ ಜೋಯಿಸರೂ ಅದನ್ನು ದೃಢಪಡಿಸಿದ್ದರು. ಟೇಲರ್ ಆಗ ಅದನ್ನು ತಳ್ಳಿಹಾಕಿದ್ದರು. ರಾಜ ತೀರಿದಾಗ ಆ ಮಾತು ನೆನಪಾಗಿ ನಡುಗಿದರಂತೆ. ಓದಲು ಈ ಭಾಗ ಅವರ ಯಾವ ಕಾದಂಬರಿಗೂ ಕಡಿಮೆಯಿಲ್ಲ. ಆದರೆ ಇದನ್ನು ಬರೆದವರು ಪಳಗಿದ ಕಾದಂಬರಿಕಾರರು, ಬರೆದದ್ದು ಘಟನೆಯಾದ ಹಲವು ವರ್ಷಗಳ ಮೇಲೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಗ್ರಹಗತಿಯ ಮೇಲೆ ಹೊರೆ ಹಾಕಿದರೆ ಸಂಸ್ಥಾನವನ್ನು ಮುಗಿಸಿದ ರಾಜಕಾರಣದ ಹೊಣೆ ಹಗುರಾಗುತ್ತದೆ. ಅರಸನಿಲ್ಲದ ಸುರಪುರವನ್ನು ಬ್ರಿಟಿಷರು 1860ರಲ್ಲಿ ನಿಜಾಮರಿಗೆ ಕಾಣಿಕೆಯಾಗಿ ಒಪ್ಪಿಸಿದರು. ರಾಯಚೂರು ದೋಆಬ್ ಕೂಡ ಅದೇ ವರ್ಷ ನಿಜಾಮರಿಗೆ ಮರಳಿತು. ಮುಂದೆ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು. 1905ರಲ್ಲಿ ಅದನ್ನು ಒಡೆದು ರಾಯಚೂರು, ಗುಲ್ಬರ್ಗಾ ಜಿಲ್ಲೆಗಳಿಗೆ ಹಂಚಲಾಯಿತು.

ಪುಸ್ತಕದಿಂದ ಹೊರಬಂದ ಭಯ

ಠಗ್ಗರ ವಿಷಯಕ್ಕೆ ಮರಳಿದರೆ, ಒಂದು ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ. ಟೇಲರ್ ಬರೆದದ್ದೆಲ್ಲ ನಿಜವೇ? ದಾರಿಯಲ್ಲಿ ಪ್ರಯಾಣಿಕರನ್ನು ಕೊಂದು ದೋಚುವ ತಂಡಗಳಿದ್ದವು, ಅದರಲ್ಲಿ ಸಂಶಯವಿಲ್ಲ. ಆದರೆ ದೇಶವಿಡೀ ಹಬ್ಬಿದ, ಭವಾನಿಯ ಹೆಸರಿನಲ್ಲಿ ವಂಶಪಾರಂಪರ್ಯವಾಗಿ ಕೊಲ್ಲುವ ಒಂದೇ ಗುಪ್ತಪಂಥವಿತ್ತು ಎಂಬ ಚಿತ್ರವನ್ನು ಇತ್ತೀಚಿನ ದಶಕಗಳ ಇತಿಹಾಸಕಾರರು ಹಾಗೆಯೇ ಒಪ್ಪುತ್ತಿಲ್ಲ. ಕೆಲಸ ಕಳೆದುಕೊಂಡ ಸೈನಿಕರು, ಬರಕ್ಕೆ ಸಿಕ್ಕವರು, ಜಮೀನುದಾರರ ಆಶ್ರಯದಲ್ಲಿದ್ದ ದರೋಡೆಕೋರರು, ಹೀಗೆ ಬೇರೆಬೇರೆ ಜನ ಒಂದೇ ಹಣೆಪಟ್ಟಿಯಡಿ ಬಂದರೆಂದು ಅವರು ತೋರಿಸುತ್ತಾರೆ. ಜೀವ ಉಳಿಸಿಕೊಳ್ಳಲು ಮಾಫಿ ಸಾಕ್ಷಿಗಳು ಸಾಹೇಬರಿಗೆ ಬೇಕಾದಂತೆ ಹೇಳಿರಬಹುದಾದ ಸಾಧ್ಯತೆಯೂ ಇದೆ.

ಕಾನೂನು ಮಾತ್ರ ಕಾಯಲಿಲ್ಲ. ನಿರ್ದಿಷ್ಟ ಕೊಲೆ ಸಾಬೀತಾಗದಿದ್ದರೂ ಠಗ್ಗರ ತಂಡಕ್ಕೆ ಸೇರಿದವನೆಂದು ಕಂಡರೆ ಜೀವಾವಧಿ ಶಿಕ್ಷೆ ವಿಧಿಸಬಹುದೆಂಬ ಕಾಯ್ದೆ 1836ರಲ್ಲೇ ಬಂದಿತ್ತು. ಹುಟ್ಟಿನಿಂದಲೇ ಮನುಷ್ಯ ಅಪರಾಧಿಯಾಗಬಲ್ಲ ಎಂಬ ಆ ಯೋಚನೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಪೂರ್ಣರೂಪ ಪಡೆಯಿತು. ಇಡೀ ಸಮುದಾಯಗಳು ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕಬೇಕಾಯಿತು. ಸ್ವಾತಂತ್ರ್ಯಾನಂತರ, 1952ರಲ್ಲಿ ಆ ಕಾಯ್ದೆ ರದ್ದಾಯಿತಾದರೂ ವಿಮುಕ್ತ ಬುಡಕಟ್ಟುಗಳ ಮೇಲಿನ ಸಂಶಯದ ನೋಟ ಕಾಯ್ದೆಯೊಂದಿಗೆ ಹೋಗಲಿಲ್ಲ. ಇದಕ್ಕೆಲ್ಲ ಒಂದು ಕಾದಂಬರಿ ಕಾರಣವೆಂದರೆ ಅತಿಯಾಗುತ್ತದೆ. ಕಡತದೊಳಗಿದ್ದ ಭಯವನ್ನು ಲಂಡನ್ನಿನ ಮನೆಮನೆಯ ದೀಪದ ಬುಡಕ್ಕೆ ತಂದದ್ದು ಆ ಕಾದಂಬರಿ ಎಂಬುದು ಮಾತ್ರ ನಿಜ.

ವಿಚಿತ್ರವೆಂದರೆ ಟೇಲರ್ ಅವರ ಸ್ವಂತ ಬದುಕು ಆ ಭಯಕ್ಕೆ ತದ್ವಿರುದ್ಧವಾಗಿತ್ತು. ದರೋಡೆಕೋರರೆಂದು ಹೆಸರು ಹೊತ್ತ ಸಮುದಾಯದ ನಡುವೆ ಅವರು ಮನೆ ಕಟ್ಟಿಕೊಂಡರು, ಅವರ ಮಗುವನ್ನು ಬೆಳೆಸಿದರು. ಅವರ ಅಮೀರ್ ಅಲಿಯೂ ರಾಕ್ಷಸನಲ್ಲ, ಪ್ರೀತಿಸುವ, ಅಳುವ ಮನುಷ್ಯ. ಪುಸ್ತಕ ಓದಿದವರ ಮನಸ್ಸಿನಲ್ಲಿ ಆ ಮನುಷ್ಯ ಉಳಿಯಲಿಲ್ಲ, ರುಮಾಲು ಉಳಿಯಿತು.

ಮತ್ತೆ ಕೃಷ್ಣೆಯ ದಡಕ್ಕೆ

1860ರಲ್ಲಿ ಆರೋಗ್ಯ ಕೆಟ್ಟು ಭಾರತ ಬಿಟ್ಟ ಟೇಲರ್ ಡಬ್ಲಿನ್ ನಗರದ ಬಳಿ ನೆಲೆಸಿದರು. 'ತಾರಾ' 1863ರಲ್ಲಿ, 'ರಾಲ್ಫ್ ಡಾರ್ನೆಲ್' 1865ರಲ್ಲಿ, 'ಸೀತಾ' 1872ರಲ್ಲಿ ಬಂದವು. ಈ ಮೂರೂ ಕ್ರಮವಾಗಿ 1657, 1757, 1857ರ ಭಾರತವನ್ನು ಕುರಿತ ಕಾದಂಬರಿಗಳು. ಕೊನೆಯದರಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ಬಂಡಾಯ ಮುಗಿದು ಹದಿನೈದು ವರ್ಷವೂ ಆಗಿರದಿದ್ದಾಗ ಹೀಗೆ ಬರೆಯಲು ಧೈರ್ಯ ಬೇಕಿತ್ತು. 1866ರಲ್ಲಿ ಪ್ರಕಟವಾದ ವಿಜಾಪುರದ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟಕ್ಕೆ, ಅದೇ ವರ್ಷದ ಧಾರವಾಡ ಮೈಸೂರುಗಳ ಸಂಪುಟಕ್ಕೆ ಐತಿಹಾಸಿಕ ಟಿಪ್ಪಣಿ ಬರೆದವರೂ ಅವರೇ. ಗೋಳಗುಮ್ಮಟವನ್ನು ಹೊರಜಗತ್ತು ಚಿತ್ರದಲ್ಲಿ ಕಂಡದ್ದರಲ್ಲಿ ಆ ಸಂಪುಟದ ಪಾತ್ರ ದೊಡ್ಡದು.

ಕಣ್ಣುಗಳು ಮಂಜಾಗುತ್ತ ಬಂದವು. ಬೆಚ್ಚನೆಯ ಹವೆಯಿಂದ ಗುಣ ಕಾಣಬಹುದೆಂಬ ಆಸೆಯಿಂದ 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದರು. ಗುಣವಾಗಲಿಲ್ಲ, ಕಾಡುಜ್ವರ ಹಿಡಿಯಿತು. ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಕಡಲತೀರದ ಮೆಂತೋನ್ ಎಂಬ ಊರಿನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 67 ವರ್ಷ. ಆತ್ಮಕಥೆಯನ್ನು ಮಗಳು ಆಲಿಸ್ ಸಂಪಾದಿಸಿ 1877ರಲ್ಲಿ ಪ್ರಕಟಿಸಿದರು.

ಅವರ ಕಡೆಯ ಕಾದಂಬರಿ 'ಎ ನೋಬಲ್ ಕ್ವೀನ್' ಹೊರಬಂದದ್ದು 1878ರಲ್ಲಿ, ಲೇಖಕರು ತೀರಿ ಎರಡು ವರ್ಷಗಳಾದ ಮೇಲೆ. ವಿಜಾಪುರದ ಆದಿಲ್‌ಶಾಹಿ ಮನೆತನದ ಚಾಂದ್ ಬೀಬಿಯ ಕಥೆಯದು. ಡಬ್ಲಿನ್ನಿನ ಚಳಿಯಲ್ಲಿ ಕುಳಿತು, ಮಸುಕಾದ ಕಣ್ಣಿನ ಆ ಮುದುಕರು ನೆನಪಿನಿಂದ ಬಿಡಿಸಿದ ಕೃಷ್ಣೆಯ ಪ್ರವಾಹ, ಬಂಡೆಗಳ ಕಣಿವೆ ಮತ್ತು ನಡುಗಡ್ಡೆಯ ಕೋಟೆ ಅದರಲ್ಲಿವೆ. ಆ ಕೋಟೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗ. ದಢೇಸುಗೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಅದರ ಗೋಡೆಯ ಮೇಲೆ ನಿಂತು ನದಿ ನೋಡಬಹುದು.